ಹಾಡಿದವಳು ಯಾವ ವಿಭಾಗ?

ಎಂ.ಎ. ಸಂಗೀತದಲ್ಲಿ ಮಹಿಳೆ ಮತ್ತು ಸಂಗೀತದ ಕುರಿತು ಒಂದು ಐಚ್ಛಿಕ ಪತ್ರಿಕೆ ತೆಗೆದುಕೊಂಡಿದ್ದೆ. ನೆಲಮಂಗಲದಿಂದ ಬಸ್ಸಿನಲ್ಲಿ ನಿಂತೇ ಬಂದು ಬೆವರೊರೆಸಿಕೊಳ್ಳುತ್ತಿದ್ದಾಗ ಮೇಡಂ ಒಂದು ಕೆಲಸ ಕೊಟ್ಟರು: ಗಾಯಕಿಯರನ್ನು ಬಿಟ್ಟು ಸಂಗೀತದ ಹೆಂಗಸರ ಹೆಸರು ಬರೆಯಿರಿ. ವೀಣೆ ಧನಮ್ಮಾಳ್ ಎಲ್ಲರ ಹಾಳೆಗೂ ಬಂದರು. ಮೃದಂಗದ ಹುಡುಗನೊಬ್ಬ ಘಟಂ ಸುಕನ್ಯಾ ರಾಮ್‌ಗೋಪಾಲ್ ಎಂದು ಬರೆದ. ಬೆಂಗಳೂರಲ್ಲೇ ಇದ್ದುಕೊಂಡು 1995ರಲ್ಲಿ ‘ಸ್ತ್ರೀ ತಾಳ್ ತರಂಗ್’ ಎಂಬ ಹೆಂಗಸರದೇ ವಾದ್ಯಮೇಳ ಕಟ್ಟಿದವರು. ಅಲ್ಲಿಗೆ ಪೆನ್ನುಗಳು ನಿಂತವು. ಎಂ.ಎಸ್., ಪಟ್ಟಮ್ಮಾಳ್, ಗಂಗೂಬಾಯಿ ಎಂದು ಬರೆಯಲು ಬಿಟ್ಟಿದ್ದರೆ ಹಾಳೆ ಸಾಲುತ್ತಿರಲಿಲ್ಲ. ಹೆಣ್ಣಿಗೆ ಕಂಠ; ರಚಿಸುವುದು, ಬಾರಿಸುವುದು, ಶಾಸ್ತ್ರ ಹೇಳುವುದು ಗಂಡಿಗೆ. ಇದನ್ನು ನಮಗೆ ಯಾರೂ ಪಾಠ ಮಾಡಿರಲಿಲ್ಲ, ಆದರೂ ಬಾಯಿಪಾಠವಾಗಿತ್ತು.

ಆ ಪತ್ರಿಕೆಯಲ್ಲಿ ನನಗೆ ಹೆಚ್ಚು ಹಿಡಿಸಿದವರು ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಹಾಡಿ ಹೆಸರು ಮಾಡಿದವರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಲು ಸ್ವಂತ ಗಳಿಕೆ ಸುರಿದರು. ಗುಡಿ ಕಟ್ಟಿಸಬಹುದು, ಆರಾಧನೆಯಲ್ಲಿ ಹಾಡುವಂತಿಲ್ಲ ಎಂದಿತು ಗಂಡಸರ ಕೂಟ. ನಾಗರತ್ನಮ್ಮ 1927ರಲ್ಲಿ ಹೆಂಗಸರನ್ನು ಸೇರಿಸಿಕೊಂಡು ತಮ್ಮದೇ ಆರಾಧನೆ ನಡೆಸಿದರು. ಅದಕ್ಕೂ ಮುಂಚೆ, 1910ರಲ್ಲಿ, ತಂಜಾವೂರಿನ ಆಸ್ಥಾನದ ಮುದ್ದುಪಳನಿ 18ನೇ ಶತಮಾನದಲ್ಲಿ ಬರೆದ ‘ರಾಧಿಕಾ ಸಾಂತ್ವನಮು’ ತೆಲುಗು ಕಾವ್ಯವನ್ನು ಶೋಧಿಸಿ ಅಚ್ಚು ಹಾಕಿಸಿದ್ದರು. ವಿಧವಾವಿವಾಹಕ್ಕೆ ಹೋರಾಡಿದ ವೀರೇಶಲಿಂಗಂ ಅವರಿಗೇ ಆ ಕಾವ್ಯ ಅಶ್ಲೀಲವೆನಿಸಿತ್ತು. ಸರ್ಕಾರ ನಿಷೇಧ ಹೇರಿತು. ಅದು ತೆರವಾಗಲು 1947 ಬರಬೇಕಾಯಿತು. ಹಾಡುಗಾರ್ತಿಯೊಬ್ಬಳು ಗ್ರಂಥ ಸಂಪಾದಕಿಯೂ ಆಗಿದ್ದಳೆಂಬುದನ್ನು ನಾನು ಪದವಿ ಮುಗಿಸುವವರೆಗೆ ಕೇಳಿಯೇ ಇರಲಿಲ್ಲ. ಸಂಗೀತದವರು ಅವರ ಗುಡಿಯನ್ನು ನೆನೆಯುತ್ತಾರೆ, ಸಾಹಿತ್ಯದವರು ಪುಸ್ತಕವನ್ನು. ಒಬ್ಬಳೇ ಹೆಂಗಸು ಎರಡು ವಿಭಾಗಗಳಿಗೆ ಹರಿದು ಹಂಚಿಹೋಗಿದ್ದಾಳೆ.

ನಮ್ಮ ತಾಲ್ಲೂಕಿಗೇ ಬರುತ್ತೇನೆ. ಶಿವಗಂಗೆ ಬೆಟ್ಟ ಹತ್ತಿದವರಿಗೆಲ್ಲ ತುದಿಯಲ್ಲೊಂದು ಪ್ರಪಾತ ತೋರಿಸಿ, ಶಾಂತಲೆ ಇಲ್ಲಿಂದಲೇ ಹಾರಿದ್ದು ಎನ್ನುತ್ತಾರೆ. ವಿಷ್ಣುವರ್ಧನನ ರಾಣಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನವೇ ಹೇಳುತ್ತದೆ. ಹಾರಿದ್ದು ಮಾತ್ರ ಜನರ ಕತೆ. ಶಾಸನಕಾರರು ಅವಳನ್ನು ಹೊಗಳುವುದು ಗೀತ, ವಾದ್ಯ, ನೃತ್ಯಗಳಲ್ಲಿ ಪಳಗಿದವಳೆಂದು. ಬೆಟ್ಟದ ಮೇಲೆ ಈ ಮಾತನ್ನು ನನಗೆ ಯಾರೂ ಹೇಳಿದ್ದಿಲ್ಲ. ಎಲ್ಲರೂ ಕೆಳಗೆ ಇಣುಕಿ ನೋಡಿ, ಸೆಲ್ಫಿ ತೆಗೆದುಕೊಂಡು, ಕಡಲೆಕಾಯಿ ತಿಂದು ಇಳಿಯುತ್ತಾರೆ. ನಾನೂ ಚಿಕ್ಕವಳಿದ್ದಾಗ ಇಣುಕಿದವಳೇ.

ಪ್ರಬಂಧಕ್ಕೆ ವಿಷಯ ಹುಡುಕುವಾಗ ನನಗೆ ಹೊಳೆದದ್ದು ನಮ್ಮ ದೊಡ್ಡಮ್ಮ. ಸುತ್ತಲಿನ ಹಳ್ಳಿಗಳಲ್ಲಿ ಮದುವೆಯೆಂದರೆ ಸೋಬಾನೆಗೆ ಅವರೇ ಬೇಕಿತ್ತು. ಎಣ್ಣೆಶಾಸ್ತ್ರಕ್ಕೊಂದು, ಹಸೆಗೊಂದು, ಆರತಿಗೊಂದು, ಬೀಗಿತ್ತಿಯನ್ನು ಜರೆಯಲು ನಾಲ್ಕಾರು. ವಿಷಯ ಹೇಳಿದಾಗ ಮಾರ್ಗದರ್ಶಕರ ಕೋಣೆಯಲ್ಲಿ ಎದ್ದ ಪ್ರಶ್ನೆ: ಇದು ಜಾನಪದ ಅಲ್ಲವೇನಮ್ಮ, ನಮ್ಮ ವಿಭಾಗಕ್ಕೆ ಹೇಗೆ ಬರುತ್ತದೆ? ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ನಾಡಿನ ಏರ್ಪಾಡೇ ಹಾಗಿದೆ. ಸಂಗೀತಕ್ಕೆ ಮೈಸೂರಿನಲ್ಲೊಂದು ವಿಶ್ವವಿದ್ಯಾಲಯ. ಗಂಗೂಬಾಯಿ ಹಾನಗಲ್ಲರ ಹೆಸರು ಹೊತ್ತಿದೆ. ಜಾನಪದಕ್ಕೆ ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಇನ್ನೊಂದು. ನಡುವೆ ನಾನೂರು ಕಿಲೋಮೀಟರಿನಷ್ಟು ದೂರ. ದೊಡ್ಡಮ್ಮ ಯಾವ ಬಸ್ಸು ಹತ್ತಬೇಕು?

ಜಾನಪದದವರು ಮಾಡಿದ ಕೆಲಸ ದೊಡ್ಡದು, ಇಲ್ಲವೆನ್ನುವುದಿಲ್ಲ. ಅವರು ಬರೆದುಕೊಳ್ಳದಿದ್ದರೆ ಎಷ್ಟೋ ಹಾಡು ಮಣ್ಣಾಗುತ್ತಿದ್ದವು. ಆದರೆ ನಾನು ತಿರುವಿ ಹಾಕಿದ ಸಂಗ್ರಹಗಳಲ್ಲಿ ಪದ ಇತ್ತು, ಮಟ್ಟು ಇರಲಿಲ್ಲ. ಕೀರ್ತನೆಗೆ ರಾಗ, ತಾಳ, ಸ್ವರಪ್ರಸ್ತಾರ. ಸೋಬಾನೆಗೆ ತ್ರಿಪದಿ, ಪ್ರಾಸ, ಅಡಿಟಿಪ್ಪಣಿ. ಗಂಡಸು ಹಾಡಿದರೆ ಸಂಗೀತ, ಹೆಂಗಸು ಹಾಡಿದರೆ ಸಾಹಿತ್ಯ ಎಂದು ಹಾಸ್ಟೆಲಿನಲ್ಲಿ ನಾವು ನಗಾಡುತ್ತಿದ್ದೆವು. ಪೂರ್ತಿ ನಿಜವಲ್ಲದಿದ್ದರೂ ಸಾಕಷ್ಟು ನಿಜ.

ಸರಿ, ಸ್ವರ ಹಾಕೋಣವೆಂದು ಕೂತೆ. ಫೋನಿನ ಶ್ರುತಿಪೆಟ್ಟಿಗೆಯಲ್ಲಿ ಐದು ಇಟ್ಟೆ. ಗಂಡಸರಿಗೆ ಒಂದು, ನಮಗೆ ಐದು ಎಂಬುದು ತರಗತಿಯ ರೂಢಿ. ದೊಡ್ಡಮ್ಮ ಅದರ ಕಡೆ ಕಿವಿಯನ್ನೇ ಕೊಡಲಿಲ್ಲ. ಗಂಟಲಿಗೆ ಒಗ್ಗಿದಲ್ಲಿ, ನಾಲ್ಕರ ಆಸುಪಾಸಿನಲ್ಲಿ ಎತ್ತಿಕೊಂಡರು. ಸೊಲ್ಲು ಹಿಡಿದ ಹೆಂಗಸರು ಸೇರುತ್ತಿದ್ದಂತೆ ಅದು ತಾನಾಗಿ ಮೇಲೇರಿತು. ಹಾಡು ಓಡಾಡುವುದೆಲ್ಲ ಐದು ಸ್ವರದೊಳಗೆ. ಅದರಲ್ಲಿ ಗಾಂಧಾರವೊಂದು ನನ್ನನ್ನು ಗೋಳುಹುಯ್ದುಕೊಂಡಿತು: ಸಾಧಾರಣಕ್ಕಿಂತ ಮೇಲೆ, ಅಂತರಕ್ಕಿಂತ ಕೆಳಗೆ. ತಪ್ಪಿರಬಹುದೆಂದು ಮತ್ತೆ ಹಾಡಿಸಿದರೆ ಅದೇ ಜಾಗ, ಕೂದಲೆಳೆ ಆಚೀಚೆ ಇಲ್ಲ. ಒಬ್ಬರ ಸಾಲು ಮುಗಿಯುವ ಮೊದಲೇ ಇನ್ನೊಬ್ಬರ ಸೊಲ್ಲು ಏಳುತ್ತದೆ. ಉಸಿರು ಎಲ್ಲೂ ಕಡಿಯುವುದಿಲ್ಲ. ಹಸೆ ಹಾಡಿನ ನಡೆಗೂ ಎಣ್ಣೆಶಾಸ್ತ್ರದ ನಡೆಗೂ ವ್ಯತ್ಯಾಸವಿದೆ. ಎಣ್ಣೆ ಹಚ್ಚುವ ಕೈಯ ವೇಗವೇ ಅಲ್ಲಿ ತಾಳ. ಪುಸ್ತಕದಲ್ಲಿ ಓದುವಾಗ ಇವೆಲ್ಲ ಒಂದೇ ಥರದ ಪದ್ಯಗಳಾಗಿ ಕಂಡಿದ್ದವು.

“ಇದ್ನೂ ಕಾಲೇಜಲ್ಲಿ ಓದ್ತಾರೇನಮ್ಮಿ?” ಅಂದರು ದೊಡ್ಡಮ್ಮ. ಈಗ ಛತ್ರಗಳಲ್ಲಿ ಆರ್ಕೆಸ್ಟ್ರಾ ಅಬ್ಬರಿಸುತ್ತದೆ, ಕರೆಯುವವರು ಕಡಿಮೆ. ಕಾಲೇಜು ಕರೆದದ್ದು ಅವರಿಗೆ ವಿಚಿತ್ರವೂ ಹೌದು, ಒಳಗೊಳಗೇ ಹಿಗ್ಗೂ ಹೌದು.

ಬೀಗಿತ್ತಿ ಹಾಡುಗಳ ಸರದಿ ಬಂದಾಗ ಪಡಸಾಲೆಯಲ್ಲಿದ್ದ ಗಂಡಸರನ್ನೆಲ್ಲ ಹೊಲದ ಕಡೆ ಅಟ್ಟಿದರು. ಆಮೇಲೆ ಹಾಡಿದ್ದನ್ನು ಕೇಳಿದಾಗ ಮುದ್ದುಪಳನಿಯ ಮೇಲೆ ಅಷ್ಟೊಂದು ಸಿಟ್ಟಾದವರು ಯಾವ ಮದುವೆಮನೆಗೂ ಹೋಗಿರಲಿಲ್ಲವೇ ಅನ್ನಿಸಿತು. ಇವನ್ನೂ ಸ್ವರ ಹಾಕಿ ಅನುಬಂಧದಲ್ಲಿ ಸೇರಿಸುತ್ತೇನೆ ಎಂದೆ. ದೊಡ್ಡಮ್ಮ ಎಲೆಅಡಿಕೆ ಮಡಿಸುತ್ತ ಯೋಚಿಸಿ ಒಪ್ಪಿದರು, ಒಂದು ಷರತ್ತಿನ ಮೇಲೆ: “ನನ್ ಹೆಸ್ರು ದೊಡ್ದಾಗ್ ಹಾಕು. ಬೀಗ್ತಿ ಹೆಸ್ರು ಮಾತ್ರ ಬ್ಯಾಡ ಕಣಮ್ಮಿ, ಬರೋ ತಿಂಗ್ಳು ಅವ್ರ ಮನೇಗೇ ಊಟುಕ್ ಹೋಗ್ಬೇಕು.”