ಉಪ್ಪುನೀರಿನ ಟ್ಯಾಂಕ್, ಭಾಗ 3: ಇಲ್ಲದ ಮೀನಿಗೆ ಊಟ

"ನೆಮೋ ಎಲ್ಲಿ ಮಾರಾಯ?" ಅಂತ ಕ್ಲಾಸಲ್ಲಿ ದಿನಾ ಕೇಳ್ತೀರಿ. ಇವತ್ತು ನಿಜ ಹೇಳಿಬಿಡ್ತೇನೆ.

ಎರಡೂ ಸತ್ತವು. ಟ್ಯಾಂಕಿಗೆ ನೀರು ತುಂಬಿಸಿದ ನಾಲ್ಕನೇ ದಿನವೇ ಬಿಟ್ಟಿದ್ದೆ. ನೀರು ಕನ್ನಡಿ ಹಾಗಿತ್ತು, ನೀವೂ 'ಸೂಪರ್' ಅಂತ ಕಮೆಂಟ್ ಹಾಕಿದ್ರಿ. ವಾರದೊಳಗೆ ತೋಟದಲ್ಲಿ ಅಡಿಕೆ ಮರದ ಬುಡಕ್ಕೆ ಹಾಕಿ ಬಂದೆ. ಅದರ ಫೋಟೋ ಹಾಕ್ಲಿಲ್ಲ.

ತಪ್ಪು ಎಲ್ಲಿ ಗೊತ್ತುಂಟಾ? ಮೀನಿನ ಹೊಲಸು, ಉಳಿದ ತಿಂಡಿ ಎಲ್ಲದರಿಂದ ಅಮೋನಿಯಾ ಬರ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದ್ರೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡ್ತದೆ, ಇನ್ನೊಂದು ಬಗೆ ನೈಟ್ರೇಟ್. ನೈಟ್ರೇಟಿಗೆ ಆಗಾಗ ಸ್ವಲ್ಪ ನೀರು ಬದಲಿಸಿದ್ರೆ ಸಾಕು. ಈ ಬ್ಯಾಕ್ಟೀರಿಯಾ ಕಲ್ಲು, ಮರಳಲ್ಲಿ ನೆಲೆಯಾಗ್ಲಿಕ್ಕೆ 4ರಿಂದ 6 ವಾರ ಬೇಕು. ದೋಸೆಹಿಟ್ಟು ಕಡೆದ ಕೂಡ್ಲೆ ಹುಳಿ ಬರ್ತದಾ?

ನೀವು ಶುರು ಮಾಡುದಾದ್ರೆ ಇಷ್ಟು ನೆನಪಿಡಿ:
ಅಡುಗೆ ಉಪ್ಪು ಬೇಡ, ಅಕ್ವೇರಿಯಂನ ಸಮುದ್ರ ಉಪ್ಪೇ ಬೇಕು. ಲೀಟರಿಗೆ ಸುಮಾರು 35 ಗ್ರಾಂ.
ಮಳೆಗಾಲದಲ್ಲಿ ಉಳ್ಳಾಲದಿಂದ ಕ್ಯಾನಲ್ಲಿ ನೀರು ತರ್ಬೇಡಿ. ನೇತ್ರಾವತಿ ಸೇರಿ ಉಪ್ಪು ಕಡಿಮೆಯಾಗಿರ್ತದೆ.
ನೀರು ಆರಿ ಕಡಿಮೆಯಾದ್ರೆ ಸಿಹಿನೀರೇ ಹಾಕಿ. ಉಪ್ಪು ಆವಿಯಾಗುವುದಿಲ್ಲ.
ನಮ್ಮ ಅಜ್ಜಾವರದ ಹಾಗೆ ಗಾಳಿಮಳೆಗೆ ಕರೆಂಟ್ ಹೋಗುವ ಊರಾದ್ರೆ ಬ್ಯಾಟರಿ ಏರ್ ಪಂಪ್ ಇರ್ಲಿ.
ಹವಳ ತರ್ಬೇಡಿ, ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಉಂಟು.

ನನ್ನದು ಪುನಃ ಶುರುವಾಗಿ ಇವತ್ತಿಗೆ 19 ದಿನ. ಬ್ಯಾಕ್ಟೀರಿಯಾಕ್ಕೆ ಅಂತ ದಿನಾ ಚಿಟಿಕೆ ತಿಂಡಿ ಹಾಕ್ತೇನೆ. "ಇಲ್ಲದ ಮೀನಿಗೆ ಊಟ ಹಾಕ್ತಿಯಲ್ಲ" ಅಂತ ಅಮ್ಮ ನಗಾಡ್ತಾರೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಮೀನಿಲ್ಲ.

ಹಾಗಾಗಿ ಇವತ್ತಿನ ಫೋಟೋದಲ್ಲಿ ಬರೀ ಕಲ್ಲು, ಮರಳು. ಲೈಕ್ ಬರದಿದ್ರೂ ಅಡ್ಡಿಲ್ಲ.