ಗೋಲಗುಮ್ಮಟದಲ್ಲಿ ಒಂದು ಪಿಸುಮಾತು

ನಿಮ್ಮ ಮನೆಯಲ್ಲಿ ಪುಟ್ಟ ಮಗುವಿದ್ದರೆ, ದಿನಕ್ಕೆ ಎಷ್ಟು ಬಾರಿ "ಸುಮ್ಮನಿರು" ಎನ್ನುತ್ತೀರಿ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ನಾನಂತೂ ಎಂದೂ ಹಾಕಿರಲಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ. ಮಗ ಓಡಿದರೆ ಕೆಳಗಿನವರಿಗೆ ತೊಂದರೆ. ಕೂಗಿದರೆ ಒಳಕೋಣೆಯಲ್ಲಿ ಮಲಗಿರುವ ಅತ್ತೆಯ ನಿದ್ದೆಗೆ ಭಂಗ. ಹೀಗಾಗಿ ಬೆಳಗಿನಿಂದ ರಾತ್ರಿಯವರೆಗೆ ಅದೇ ಮಾತು. ನಾಲ್ಕೂವರೆ ವರ್ಷದ ಹುಡುಗ ಎಷ್ಟು ಸದ್ದಿಲ್ಲದೆ ಇರುತ್ತಾನೆ ಎಂದು ಮನೆಗೆ ಬಂದವರು ಹೊಗಳಿದಾಗ ನನಗೂ ಹೆಮ್ಮೆಯೇ. ಆದರೆ ಒಂದು ದಿನ ಅವನ ಟೀಚರ್ ನನ್ನನ್ನು ಕರೆದು, "ಇವನು ಕ್ಲಾಸಿನಲ್ಲಿ ಬಾಯಿಯೇ ಬಿಡುವುದಿಲ್ಲ. ಮನೆಯಲ್ಲಾದರೂ ಮಾತಾಡುತ್ತಾನಾ?" ಎಂದು ಕೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡಿಸೆಂಬರ್ ರಜೆಯಲ್ಲಿ ನಮ್ಮವರೇ ಹೇಳಿದರು, "ಎಲ್ಲಾದರೂ ಹೋಗಿ ಬರೋಣ. ಅವನು ಕೂಗಿದರೂ ಯಾರೂ ಬೈಯದ ಜಾಗಕ್ಕೆ." ಅಂಥ ಜಾಗ ಯಾವುದು? ವಿಜಾಪುರದ ಗೋಲಗುಮ್ಮಟ! 2014ರಿಂದ ಊರಿನ ಹೆಸರು ವಿಜಯಪುರವಾಗಿದ್ದರೂ ನಮ್ಮ ಮನೆಯಲ್ಲಿ ಇನ್ನೂ ವಿಜಾಪುರವೇ.

ಗದಗ, ಬಾಗಲಕೋಟೆ ದಾಟಿ ರೈಲು ಸಾಗುವಾಗ ಮಗ ಕಿಟಕಿಗೆ ಮೂಗು ಒತ್ತಿ ಕುಳಿತಿದ್ದ. ಬುತ್ತಿಯಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಅವನಿಗಾಗಿ ಬಾಳೆಹಣ್ಣು ಇಟ್ಟುಕೊಂಡಿದ್ದೆ. ಆಲಮಟ್ಟಿಯ ಬಳಿ ಕೃಷ್ಣೆಯ ವಿಶಾಲ ನೀರನ್ನು ಕಂಡು ಅವನ ಕಣ್ಣು ಅರಳಿತು. ಆದರೂ ಮಾತಿಲ್ಲ, ನನ್ನ ಬುರ್ಖಾದ ತೋಳು ಎಳೆದು ಬೆರಳು ತೋರಿಸಿದ ಅಷ್ಟೇ.

ರಾತ್ರಿ ಊರಿನಲ್ಲಿ ತಂಗಿ ಮರುದಿನ ಬೆಳಿಗ್ಗೆ ಬೇಗನೆ ಗುಮ್ಮಟಕ್ಕೆ ಹೋದೆವು. ರೈಲು ನಿಲ್ದಾಣಕ್ಕೆ ಅದು ಹತ್ತಿರವೇ. ನೀವೂ ಬೆಳಿಗ್ಗೆಯೇ ಹೋಗಿ. ಹೊತ್ತೇರಿದಂತೆ ಶಾಲಾ ಮಕ್ಕಳ ಗುಂಪುಗಳು ಬಂದು ಒಳಗೆ ಗದ್ದಲವೋ ಗದ್ದಲ. ಬೇಸಿಗೆಯಲ್ಲಂತೂ ಆ ಊರಿನ ಬಿಸಿಲು ಚಿಕ್ಕ ಮಕ್ಕಳಿಗಲ್ಲ.

ಇದು ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಅವನು 1627ರಿಂದ 1656ರವರೆಗೆ ಆಳಿದವನು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಅಷ್ಟು ದೊಡ್ಡ ಗುಮ್ಮಟದ ಕೆಳಗೆ ನಿಂತು ನೋಡಿದರೆ ನಡುವೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಹಾಯ್ದು ಹೋಗುವ ಕಮಾನುಗಳೇ ಆ ಭಾರವನ್ನು ಹೊತ್ತು ಗೋಡೆಗಳಿಗೆ ಇಳಿಸುತ್ತವೆ. ನಡುವಿನ ಕಟ್ಟೆಯ ಮೇಲೆ ಸುಲ್ತಾನನ ಜೊತೆ ಅವನ ಬೇಗಂಗಳು, ಮಗಳು ಮತ್ತು ಮೊಮ್ಮಗನ ಗೋರಿಗಳ ಗುರುತುಗಳಿವೆ. ನಿಜವಾದ ಗೋರಿಗಳು ಇರುವುದು ಕೆಳಗಿನ ನೆಲಮನೆಯಲ್ಲಿ. "ಇಲ್ಲಿ ಅಜ್ಜನ ಹತ್ತಿರ ಮೊಮ್ಮಗ ಮಲಗಿದ್ದಾನೆ" ಎಂದು ಇವರು ಹೇಳಿದಾಗ, ನನ್ನ ಮಗ ತಾನಾಗಿಯೇ ತುಟಿಯ ಮೇಲೆ ಬೆರಳಿಟ್ಟುಕೊಂಡ. ಅದನ್ನು ಕಲಿಸಿದವಳು ನಾನೇ ಅಲ್ಲವೇ?

ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಮಿನಾರುಗಳಿವೆ. ಮೇಲೆ ಹೋಗುವ ದಾರಿ ಅವುಗಳೊಳಗಿನ ಸುತ್ತು ಮೆಟ್ಟಿಲು. ಮೆಟ್ಟಿಲುಗಳು ಎತ್ತರ, ದಾರಿ ಇಕ್ಕಟ್ಟು. ಬುರ್ಖಾ ಆಗಲಿ ಸೀರೆಯ ನೆರಿಗೆ ಆಗಲಿ ಕಾಲಿಗೆ ತೊಡರದಂತೆ ಎತ್ತಿ ಹಿಡಿದುಕೊಳ್ಳಿ. ಮಗುವನ್ನು ಗೋಡೆಯ ಬದಿಗೆ ನಡೆಸಿ. ಪ್ರತಿ ಅಂತಸ್ತಿನಲ್ಲೂ ಕಿಂಡಿಯ ಬಳಿ ನಿಂತು ದಣಿವಾರಿಸಿಕೊಳ್ಳಬಹುದು. ನನ್ನ ಮಗ ಬೆರಳು ಮಡಚುತ್ತಾ ಏಳರವರೆಗೂ ಎಣಿಸಿದ, ಮನಸ್ಸಿನಲ್ಲೇ.

ಮೇಲೆ ಗುಮ್ಮಟದ ಒಳಸುತ್ತಿಗೆ ಇರುವುದೇ ಪ್ರಸಿದ್ಧ ಪಿಸುಗುಟ್ಟುವ ಗ್ಯಾಲರಿ. ಅಲ್ಲಿ ಆಗಲೇ ನಾಲ್ಕಾರು ಯುವಕರು ಚಪ್ಪಾಳೆ ತಟ್ಟಿ, ಸಿಳ್ಳೆ ಹಾಕಿ ಕೂಗುತ್ತಿದ್ದರು. ಒಂದು ಕೂಗು ಏಳೆಂಟು ಬಾರಿ ಮರಳಿ ಬರುತ್ತದೆ. ಮಗ ಹೆದರಿ ಎರಡೂ ಕಿವಿ ಮುಚ್ಚಿಕೊಂಡು ನನ್ನ ಮಡಿಲಲ್ಲಿ ಮುಖ ಹುದುಗಿಸಿದ. "ನೀನೂ ಕೂಗು ಬೇಟಾ, ಇಲ್ಲಿ ಯಾರೂ ಏನೂ ಅನ್ನುವುದಿಲ್ಲ" ಎಂದು ಎಷ್ಟು ಪುಸಲಾಯಿಸಿದರೂ ತಲೆ ಎತ್ತಲಿಲ್ಲ. ಇಷ್ಟು ದೂರ ಬಂದದ್ದು ವ್ಯರ್ಥವಾಯಿತೇ ಎಂದು ನನಗೆ ಅಳುವೇ ಬಂತು.

ಯುವಕರು ಇಳಿದು ಹೋದರು. ಗುಮ್ಮಟ ಮೌನವಾಯಿತು. ಆಗ ಇವರು ನಡೆದು ಹೋಗಿ ಎದುರು ಬದಿಯ ಗೋಡೆಗೆ ಕಿವಿಯಿಟ್ಟು ಕುಳಿತರು. ಅಲ್ಲಿ ಗೋಡೆಗೆ ಬಾಯಿ ತಾಗಿಸಿ ಪಿಸುಗುಟ್ಟಿದರೆ ಸಾಕು, ಶಬ್ದ ಗೋಡೆಯ ಬಾಗನ್ನು ಅನುಸರಿಸಿ ಸಾಗಿ ಆಚೆ ಬದಿಯವರಿಗೆ ಕೇಳಿಸುತ್ತದೆ. "ಅಬ್ಬಾಗೆ ಏನಾದರೂ ಹೇಳು, ಮೆಲ್ಲಗೇ ಹೇಳು" ಎಂದೆ. ಮಗ ಗೋಡೆಯ ಹತ್ತಿರ ಸರಿದು ಏನೋ ಹೇಳಿದ. ಪಕ್ಕದಲ್ಲೇ ಇದ್ದ ನನಗೆ ಕೇಳಿಸಲಿಲ್ಲ. ಆದರೆ ಆಚೆ ಕುಳಿತಿದ್ದ ಇವರು ಕಣ್ಣು ಒರೆಸಿಕೊಂಡದ್ದು ಕಂಡಿತು. ಮರುಕ್ಷಣ ಗೋಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: "ಹೌದು ಬೇಟಾ, ಮಾತಾಡಬಹುದು."

ಅವನು ಕೇಳಿದ್ದು ಇಷ್ಟೇ: "ಅಬ್ಬಾ, ಇಲ್ಲಿ ನಾನು ಮಾತಾಡಬಹುದಾ?"

ಸಹೋದರಿಯರೇ, ಮಾತಾಡಲು ಅನುಮತಿ ಕೇಳುವ ಮಗುವನ್ನು ನಾನು ಬೆಳೆಸಿದ್ದೆ.

ಆಮೇಲೆ ಅವನು ಗೋಡೆಯನ್ನು ಬಿಡಲೇ ಇಲ್ಲ. ರೈಲು, ಹೊಳೆ, ರೊಟ್ಟಿ, ಶಾಲೆಯಲ್ಲಿ ಪೆನ್ಸಿಲ್ ಕಸಿದುಕೊಂಡ ಹುಡುಗ, ಎಲ್ಲವನ್ನೂ ಅಬ್ಬಾನಿಗೆ ಹೇಳಿದ. ಕೊನೆಗೆ ಇಳಿಯುವ ಮುನ್ನ ಕಟಕಟೆಯ ಬಳಿ ನಿಂತು ಒಮ್ಮೆ "ಅಮ್ಮೀ" ಎಂದು ಗಟ್ಟಿಯಾಗಿ ಕೂಗಿದ. ಆ ಹೆಸರು ಸುತ್ತಲಿನಿಂದಲೂ ಮತ್ತೆ ಮತ್ತೆ ಮರಳಿ ಬಂತು.

ಮಧ್ಯಾಹ್ನ ಇಬ್ರಾಹಿಂ ರೋಜಾ ನೋಡಿ, ಅದರ ಗೋಡೆಗಳ ಸುಂದರ ಅಕ್ಷರ ಕೆತ್ತನೆಯನ್ನು ಮಗನ ಬೆರಳು ಹಿಡಿದು ತೋರಿಸಿದೆ. ಸಂಜೆ ಒಣದ್ರಾಕ್ಷಿ ಕೊಂಡು ಊರಿಗೆ ಹೊರಟೆವು.

ಈಗ ದಿನಾ ಸಂಜೆ ಅರ್ಧ ಗಂಟೆ ತಾರಸಿಯ ಮೇಲೆ ಅವನ ಕೂಗಾಟ. ಕೆಳಗಿನವರಿಗೆ ನಾನೇ ಹೋಗಿ ಹೇಳಿ ಬಂದೆ, ಅವರು ನಕ್ಕು ಒಪ್ಪಿದರು. ನಾನು ಕೇಳುವ ಮೊದಲೇ ಅತ್ತೆ, "ಹಗಲಲ್ಲಿ ನನಗೆಂಥ ನಿದ್ದೆ, ಅವನು ಆಡಲಿ ಬಿಡು" ಎಂದರು. ಶಾಲೆಯಲ್ಲಿ ಅವನದು ಇನ್ನೂ ಕಡಿಮೆ ಮಾತೇ. ಆದರೆ ಮೊನ್ನೆ ತಾನಾಗಿಯೇ ಟೀಚರ್ ಬಳಿ ಹೋಗಿ ನೀರು ಬೇಕು ಎಂದು ಕೇಳಿದನಂತೆ.

ನೀವೂ ಮಕ್ಕಳೊಂದಿಗೆ ಗೋಲಗುಮ್ಮಟಕ್ಕೆ ಹೋಗಿ ಬನ್ನಿ. ಅಲ್ಲಿ ನೀವು ಕೂಗುವ ಮೊದಲು ಮಗುವಿನ ಪಿಸುಮಾತಿಗೆ ಕಿವಿಗೊಡಿ.