ಪಫಿನ್ ಹಕ್ಕಿಗೆ ದಾರಿ ಬಿಡಿ

ನಿಮ್ಮ ಮಗಳೋ ಮಗನೋ ಬ್ರಿಟನ್ನಿನಲ್ಲಿದ್ದು, ಬೇಸಿಗೆಗೆ ಅಲ್ಲಿಗೆ ಹೋಗುವುದಿದ್ದರೆ, ಲಂಡನ್ ನೋಡಿದ್ದು ಸಾಕು, ವೇಲ್ಸ್‌ನ ಸ್ಕೋಮರ್ ದ್ವೀಪಕ್ಕೂ ಒಂದು ದಿನ ಇಟ್ಟುಕೊಳ್ಳಿ. ಕ್ಯಾಮೆರಾ ಮರೆಯಬೇಡಿ.

1959ರಿಂದ ಇದು ಸಂರಕ್ಷಿತ ಪ್ರದೇಶ. ದಿನಕ್ಕೆ ಇಂತಿಷ್ಟೇ ಜನರಿಗೆ ಪ್ರವೇಶ. ಟಿಕೆಟ್ ಮೊದಲೇ ತೆಗೆಸಬೇಕು. ಮಾರ್ಟಿನ್ಸ್ ಹೇವನ್‌ನಿಂದ ದೋಣಿಯಲ್ಲಿ ಸುಮಾರು ಕಾಲು ಗಂಟೆ. ಗಾಳಿ ಜೋರಾದರೆ ದೋಣಿ ಹೊರಡದು. ಇಳಿದೊಡನೆ 87 ಮೆಟ್ಟಿಲು ಹತ್ತಬೇಕು, ಮಂಡಿನೋವಿನವರು ಯೋಚಿಸಿ ಹೊರಡಿ. ಹೋಟೆಲಿಲ್ಲ, ಬುತ್ತಿ ಕಟ್ಟಿಕೊಳ್ಳಿ.

ಏಪ್ರಿಲ್‌ನಿಂದ ಜುಲೈವರೆಗೆ ಅಲ್ಲಿ ಪಫಿನ್‌ಗಳದ್ದೇ ರಾಜ್ಯ. 2025ರ ಎಣಿಕೆಯಲ್ಲಿ 43,626 ಇದ್ದವು! ಸುಮಾರು 400 ಗ್ರಾಂ ತೂಕದ ಹಕ್ಕಿ, ಬಣ್ಣ ಬಳಿದಂಥ ಕೊಕ್ಕು. ಮನುಷ್ಯರನ್ನು ಕಂಡರೆ ಹೆದರಿ ಓಡುವುದಿಲ್ಲ. ನೆಲದೊಳಗಿನ ಬಿಲದಲ್ಲಿ ವರ್ಷಕ್ಕೆ ಒಂದೇ ಮೊಟ್ಟೆ. ಕಾಲುದಾರಿಯ ಆಚೆ ನೆಲವೆಲ್ಲ ಪೊಳ್ಳು. ಒಳ್ಳೆಯ ಚಿತ್ರದ ಆಸೆಗೆ ಒಂದು ಹೆಜ್ಜೆ ಹೊರಗಿಟ್ಟರೆ ಬಿಲ ಕುಸಿದು ಮರಿ ಅಡಿಯಲ್ಲಿ ಸಿಲುಕಬಹುದು.

ಇನ್ನೊಂದು ತಪ್ಪನ್ನು ದಾರಿಯಲ್ಲಿ ನಿಂತೇ ಮಾಡುತ್ತೇವೆ. ಬೆರಳುದ್ದದ ಮೀನುಗಳನ್ನು ಕೊಕ್ಕಿಗೆ ಅಡ್ಡಲಾಗಿ ಕಚ್ಚಿಕೊಂಡು ತಾಯಿಯೋ ತಂದೆಯೋ ಬಂದಿಳಿಯುತ್ತದೆ. ಎಲ್ಲರೂ ಕಾದಿರುವುದು ಇದೇ ಚಿತ್ರಕ್ಕೆ! ಆದರೆ ಅದರ ಬಿಲ ದಾರಿಯ ಆಚೆ ಬದಿಗಿದ್ದರೆ ನಡುವೆ ನಾವು ಗೋಡೆಯಂತೆ ನಿಂತಿರುತ್ತೇವೆ. ಅದು ತಡೆದು ನಿಂತಷ್ಟೂ ಹೊತ್ತು ಸೀಗಲ್ ಹಕ್ಕಿಗಳು ಮೀನು ಕಸಿಯಲು ಹೊಂಚು ಹಾಕುತ್ತವೆ. ಬಿಲದೊಳಗೆ ಮರಿ ಹಸಿದಿರುತ್ತದೆ.

ದಾರಿಯ ಮೇಲೆಯೇ ನಾಲ್ಕು ಹೆಜ್ಜೆ ಸರಿದು ನಿಲ್ಲಿ. ಚಿತ್ರ ಮಸುಕಾದರೆ ಆಗಲಿ. ಹಕ್ಕಿ ನಿಮ್ಮ ಕಾಲಬಳಿಯೇ ತುರುತುರು ಓಡಿ ಬಿಲ ಸೇರುತ್ತದೆ.